ಅಳಿಸದೆ ಉಳಿದ ಐಎಸ್ಓ ಫೈಲು

ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಿತ್ತಾಳೆ ತಂಬಿಗೆ. ನಾನು ಕೂಡಿಡುವುದು ಐಎಸ್ಓ ಫೈಲುಗಳನ್ನು. ಗಾಬರಿಯಾಗಬೇಡಿ. ಕಂಪ್ಯೂಟರಿಗೆ ಜೀವ ತುಂಬಲು ಹಿಂದೆಲ್ಲ ಒಂದು ಸೀಡಿ ಹಾಕುತ್ತಿದ್ದೆವಲ್ಲ, ಅದರ ಪಡಿಯಚ್ಚೇ ಐಎಸ್ಓ. ಈಗ ಸೀಡಿಯೂ ಬೇಡ, ಬೇರೆ ಯಂತ್ರವೂ ಬೇಡ. ಇರುವ ಲ್ಯಾಪ್‌ಟಾಪಿನೊಳಗೇ ವರ್ಚುವಲ್ ಮಷೀನ್ ಎಂಬ ಇನ್ನೊಂದು ಕಂಪ್ಯೂಟರನ್ನು ಕಲ್ಪಿಸಿ, ಈ ಫೈಲನ್ನು ಅದರ ಬಾಯಿಗಿಟ್ಟರೆ ಅದು ಕಣ್ಣು ಬಿಡುತ್ತದೆ. ಪುರಾಣದವರು ಪರಕಾಯಪ್ರವೇಶ ಅಂದದ್ದು ಇದನ್ನೇ ಇರಬೇಕೆಂದು ಒಮ್ಮೆ ಊಟದ ಹೊತ್ತಿನಲ್ಲಿ ವಾದಿಸಿದೆ. ಹೆಂಡತಿ ವೈದೇಹಿ ಇನ್ನೊಂದು ಸೌಟು ಸಾರು ಬಡಿಸಿದಳು.

ಐರೋಲಿಯ ಆಫೀಸಿನಲ್ಲಿ ನನ್ನ ಕೆಲಸವೇ ಇದು. ಅಲ್ಲಿ ಪ್ರತಿ ಫೈಲಿಗೂ ಹೆಸರು, ಆವೃತ್ತಿ, ಜಾಗ ಎಲ್ಲ ಕಟ್ಟುನಿಟ್ಟು. ಖಾರಘರದ ಮನೆಯ ಹಾರ್ಡ್‌ಡಿಸ್ಕಿನಲ್ಲಿ ಮಾತ್ರ ‘ಹಳೇದು’, ‘ಹಳೇದು-ಹೊಸದು’, ‘ಇದೇ ಸರಿ’, ‘ನಿಜವಾಗಿ ಇದೇ ಸರಿ’. ಹೆಸರಿಡುವ ಗಳಿಗೆಯಲ್ಲಿ ಮನುಷ್ಯ ತನಗೆ ಎಲ್ಲವೂ ನೆನಪಿರುತ್ತದೆಂದೇ ನಂಬಿರುತ್ತಾನೆ.

ಒಂದು ಭಾನುವಾರ ವೈದೇಹಿ, “ಫೋಟೋ ಹಾಕೋಕೆ ಜಾಗ ಇಲ್ಲ ರೀ. ಯಾರಿಗೂ ಬೇಡದ ಕಂಪ್ಯೂಟರ್‌ಗಳನ್ನ ಯಾಕೆ ಸಾಕ್ತಿದೀರಾ? ಡಿಲೀಟ್ ಮಾಡಿ” ಅಂದಳು. ಒಪ್ಪಿ ಕೂತೆ. ಅಷ್ಟರಲ್ಲಿ ಡೊಂಬಿವಲಿಯಿಂದ ಶೀನಣ್ಣನ ಫೋನು ಬಂತು.

ಶೀನಣ್ಣ ಕುಂದಾಪುರದ ಕಡೆಯವರು. ಅವರ ಹೆಂಡತಿ ವಿಮಲಕ್ಕ, ಮನೆಯಲ್ಲೇ ಕೂತು ಈ ಮರಾಠಿ ಸೀಮೆಯ ಕನ್ನಡದವರ ಮದುವೆ ಕಾಗದಗಳನ್ನು ಟೈಪು ಮಾಡಿಕೊಡುತ್ತಿದ್ದವರು. ನಮ್ಮ ಮದುವೆಯದನ್ನೂ ಮಾಡಿದ್ದರು, ನಾನು ಬರೆದುಕೊಟ್ಟ ಕಾಗುಣಿತದ ತಪ್ಪುಗಳನ್ನು ನನಗೆ ಹೇಳದೆಯೇ ತಿದ್ದಿ. ಆ ಫೋನು ಬಂದ ವರ್ಷದ ಮಳೆಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಬುದ್ಧಿ ಚುರುಕಾಗಿಯೇ ಇತ್ತು. ನಾಲಿಗೆ ತಿರುಗುತ್ತಿರಲಿಲ್ಲ, ಬಲಗೈ ಪೆನ್ನು ಹಿಡಿಯುತ್ತಿರಲಿಲ್ಲ. ಮೊಬೈಲಿನಲ್ಲಿ ಅಕ್ಷರಗಳ ಜೋಡಣೆಯೇ ಬೇರೆ. ತಡಕಾಡಿ ಸೋತು, ಫೋನನ್ನು ಆಚೆ ತಳ್ಳಿ ಮುಖ ತಿರುಗಿಸಿಬಿಡುತ್ತಿದ್ದರಂತೆ.

“ಅವಳ ಎಡಗೈ ಹಾಸಿಗೆ ಮೇಲೆ ಟೈಪ್ ಮಾಡತ್ತ್ ಮಾರಾಯಾ,” ಅಂದರು ಶೀನಣ್ಣ. “ಬೆರಳು ಎಂತದೋ ಹೇಳತ್ತ್, ನಂಗೆ ಗೊತ್ತಾತಿಲ್ಲ. ಹಳೇ ಕಂಪ್ಯೂಟರ್ ಗುಜರಿಗೆ, ಭಂಗಾರ್‌ವಾಲಾಗೆ ಕೊಟ್ಟಾಯ್ತ್. ಅದ್ರ ಕನ್ನಡ ಟೈಪಿಂಗಿನ ಸೀಡಿ ಒಂದ್ ಇನ್ನೂ ಇತ್ತ್. ಅದ್ರಂಗೆ ಎಂತಾರೂ ಆತ್ತಾ?”

ಆ ಸೀಡಿಯನ್ನು ಇಂದಿನ ಕಂಪ್ಯೂಟರು ಒಪ್ಪುವುದಿಲ್ಲ. ಅದಕ್ಕೆ ಅದರ ಕಾಲದ್ದೇ ಕಂಪ್ಯೂಟರು ಬೇಕು. ಅಂದರೆ, ನಾನು ಅಳಿಸಲು ಕೂತಿದ್ದ ಫೈಲುಗಳಲ್ಲೊಂದು. ಆದರೆ ಯಾವುದು? ‘ಇದೇ ಸರಿ’ ಅರ್ಧಕ್ಕೇ ನಿಂತಿತು. ‘ನಿಜವಾಗಿ ಇದೇ ಸರಿ’ಯೊಳಗೆ ಬೇರೇನೋ ಇತ್ತು. ವೈದೇಹಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. “ಹೆಸರು ನಂಬಬೇಡಿ, ಒಂದೊಂದೇ ತೆಗೀರಿ,” ಅಂದಳು. ತೆಗೆದು ನೋಡಿದ್ದಕ್ಕೆಲ್ಲ ಅವಳೇ ಮರುನಾಮಕರಣ ಮಾಡುತ್ತ ಹೋದಳು. ಅನ್ನ ಆರಿತು. ಕೊನೆಗೆ ‘ಹಳೇದು’ ಎಂಬ ಬಡಪಾಯಿ ಫೈಲಿನೊಳಗಿಂದ ಹಿಂದಿನ ಕಂಪ್ಯೂಟರುಗಳು ಏಳುವಾಗ ಹಾಡುತ್ತಿದ್ದ, ಎಂದೋ ಕೇಳಿ ಮರೆತಿದ್ದ ಸ್ವಾಗತದ ರಾಗ ಹೊರಟಾಗ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

ಮುಂದಿನ ಭಾನುವಾರ ಲ್ಯಾಪ್‌ಟಾಪು, ಸೀಡಿ ಓದುವ ಡಬ್ಬಿ, ಅಗಲವಾದ ಒಂದು ಕೀಬೋರ್ಡು ಹೊತ್ತು, ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಡೊಂಬಿವಲಿಗೆ ಹೋದೆವು. ಸೀಡಿ ಕೆಮ್ಮಿ, ಕ್ಯಾಕರಿಸಿ, ಅಂತೂ ಓಡಿತು.

ವಿಮಲಕ್ಕ ಪರದೆ ನೋಡಿ ಹುಬ್ಬೇರಿಸಿದರು. ಎಡಗೈಯಿಂದ ಕೀಲಿಗಳನ್ನೊಮ್ಮೆ ಸವರಿ, ನಿಧಾನವಾಗಿ ಒತ್ತತೊಡಗಿದರು. ಮೂಡಿತು: ‘ಶ್ರೀ ಗಣೇಶಾಯ ನಮಃ’. ಬೆರಳುಗಳು ತಮ್ಮಷ್ಟಕ್ಕೆ ಯಾರದೋ ಮದುವೆ ಕಾಗದ ಶುರುಮಾಡಿದ್ದವು! ಅವರೇ ಮೊದಲು ನಕ್ಕರು, ಅರ್ಧ ಮುಖದಲ್ಲಿ. ಅದನ್ನು ಅಳಿಸದೆ ಕೆಳಗಿನ ಸಾಲಿಗೆ ಹೋದರು: ‘ಚಾಯಕ್ಕೆ ಸಕ್ಕರೆ ಜಾಸ್ತಿ ಹಾಕ್ತೀರಿ.’

ಶೀನಣ್ಣ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. “ಇಷ್ಟ್ ದಿನ ಹೇಳೂಕೆ ಎಂತಾಯಿತ್ ನಿಂಗೆ?” ಎಂದು ಗದರಿದವರು, ತಾವು ಕೇಳಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡರು.

ಬೆರಳು ಮತ್ತೆ ಆಡಿತು: ‘ಹೇಳಿದೆ. ನೀವು ಔಷಧಿ ತಂದ್ರಿ.’

ಶೀನಣ್ಣ ಎದ್ದು ಅಡುಗೆಮನೆಗೆ ಹೋದರು. ಒಳಗಿಂದ ಪಾತ್ರೆಯ ಸದ್ದೇ ಬರಲಿಲ್ಲ. ನಾನು ವೈರು ಸರಿಪಡಿಸುತ್ತ ಕೂತೆ. ವಿಮಲಕ್ಕ ವೈದೇಹಿಯ ಸೆರಗು ಜಗ್ಗಿ ಪರದೆ ತೋರಿಸಿದರು. ಅಲ್ಲಿ ಹೊಸ ಸಾಲೊಂದಿತ್ತು:

‘ಹೋಗಿ ನೋಡು. ಅಳ್ತಿರ್ತಾರೆ. ನಾನು ಹೇಳಿದೆ ಅನ್ಬೇಡ.’