ಮೂರನೇ ಲೋಟದ ಕೊತ್ತಂಬರಿ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹಸುಗಳು ಖಾಲಿ ಮಾಡಿದ ಕೊಟ್ಟಿಗೆಯಲ್ಲಿ ಈಗ ಬಿಯರ್ ಕುದಿಯುತ್ತದೆ. ರಬ್ಬರ್ ಬೂಟು ತೊಟ್ಟ ಅರ್ಲೀನ್ ಬೊಡ್ವಿನ್ ಸ್ಟೀಲ್ ಪೀಪಾಯಿಗಳನ್ನು ಉರುಳಿಸಿಕೊಂಡು ಬಂದು ಬಿಸಿನೀರಿನ ಕೊಳವೆಗೆ ಸಿಕ್ಕಿಸುತ್ತಿದ್ದಾರೆ. ತುಂಬಿಸಿಟ್ಟ ಗೋಧಿ ಬಿಯರಿನ ಪೀಪಾಯಿಗಳನ್ನು ಮಾತ್ರ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಅಂಗಡಿಯವರು ಅವನ್ನು ನೆಟ್ಟಗೆ ಮಾಡಿದಾಗ ತಳದ ಯೀಸ್ಟು ಮತ್ತೆ ಬೆರೆಯಬೇಕು, ಬಿಯರ್ ಮಜ್ಜಿಗೆನೀರಿನ ಹಾಗೆ ಮಬ್ಬಾಗಿ ಲೋಟಕ್ಕೆ ಬೀಳಬೇಕು. ತಿಳಿಯಾಗಿ ಬಿದ್ದರೆ ಈ ಊರಿನವರು ಮೂಗು ಮುರಿಯುತ್ತಾರೆ.

ಊರು ವಿಸ್ಕಾನ್ಸಿನ್‌ನ ಬ್ರಸೆಲ್ಸ್. ಇಲ್ಲಿನ ಹಳಬರೆಲ್ಲ ಬೆಲ್ಜಿಯಂನಿಂದ ಬಂದು ನೆಲೆಸಿದವರ ಮರಿಮಕ್ಕಳು. ಅರ್ಲೀನ್ ಚೀಸ್ ಕಾರ್ಖಾನೆಯಲ್ಲಿ ಬಹುಕಾಲ ದುಡಿದರು. ಅದು ಬಾಗಿಲು ಹಾಕಿಕೊಂಡ ಮೇಲೆ ಪಕ್ಕದ ಮನೆಯ ಹುಡುಗ ಡ್ವೈಟ್ ಎಂಜೆಬೋಸ್ ತನ್ನ ಪುಟ್ಟ ಬ್ರೂವರಿಗೆ ಪೀಪಾಯಿ ತೊಳೆಯಲು ಕರೆದುಕೊಂಡ. ಒಂದು ದಿನ ಅವರು ಸುಮ್ಮನೆ ಒಂದು ಗುಟುಕು ಕುಡಿದು, "ಈ ಸಲ ಕಿತ್ತಳೆ ಸಿಪ್ಪೆ ಒಳಗಿನ ಬಿಳಿ ಸಮೇತ ಹಾಕಿದ್ದೀಯಲ್ಲೋ?" ಎಂದರು. ಹೌದು, ಹಾಕಿದ್ದ. ಅಂದಿನಿಂದ ರುಚಿ ನೋಡುವ ಮೇಜಿನಲ್ಲಿ ಅವರಿಗೊಂದು ಕುರ್ಚಿ. ಅವರು "ಹ್ಞೂಂ" ಅನ್ನದೆ ಗೋಧಿ ಬಿಯರ್ ಹೊಸಿಲು ದಾಟುತ್ತಿರಲಿಲ್ಲ.

ಆದರೆ ಕಳೆದ ಚಳಿಗಾಲದ ಜ್ವರ ಮೂಗನ್ನು ಕಸಿದುಕೊಂಡಿತು. "ಒಲೇಲಿ ಪ್ರೂನ್ ಹಣ್ಣಿನ ಪೈ ಹೊತ್ತಿ ಹೊಗೆ ಬಂದ್ರೂ ಗೊತ್ತಾಗ್ಲಿಲ್ಲ. ಅವತ್ತು ಅಡುಗೆಮನೇಲಿ ಕೂತು ಅತ್ತುಬಿಟ್ಟೆ" ಎನ್ನುತ್ತಾರೆ. ಅಂದಿನಿಂದ ಕುರ್ಚಿ ಖಾಲಿಯೇ ಇದೆ. ಇವತ್ತು ಮತ್ತೆ ಪರೀಕ್ಷೆ. ಮೂಗು ಒಪ್ಪಿದರೆ ಕುರ್ಚಿ ಉಳಿಯುತ್ತದೆ.

ಅದಕ್ಕೆಂದೇ ಬೆಳಿಗ್ಗೆ ಕಾಫಿ ಮುಟ್ಟಿಲ್ಲ. ಹಲ್ಲುಜ್ಜಿದ್ದೂ ಬರೀ ನೀರಿನಲ್ಲಿ. ಡ್ವೈಟ್ ಮೂರು ಲೋಟ ತಂದಿಡುತ್ತಾನೆ. ಎರಡರಲ್ಲಿ ಹಳೆಯ ತಯಾರಿ, ಒಂದರಲ್ಲಿ ಹೊಸದು. ಬೇರೆಯದನ್ನು ಗುರುತಿಸಬೇಕು, ಅಷ್ಟೇ. ಎದುರಿಗೆ ಕೂತವರು ಇನ್ನೊಬ್ಬ ರುಚಿಗಾರ ವಾಲಿ ಜಾಡಿನ್. ಹಾಲಿನ ಲಾರಿ ಓಡಿಸಿ ನಿವೃತ್ತರಾದವರು, ಬಾಯಿ ಸುಮ್ಮನಿರದ ಆಸಾಮಿ. ಇವತ್ತು ಮಾತ್ರ ಕಿಟಕಿಯಾಚೆ ನೋಡುತ್ತಿದ್ದಾರೆ.

ಅರ್ಲೀನ್ ಒಂದು ಲೋಟ ಮೂಸುತ್ತಾರೆ. ತೋಳು ಮಡಚಿ ಮೊಣಕೈ ಸಂದಿಗೆ ಮೂಗಿಟ್ಟು ಉಸಿರೆಳೆಯುತ್ತಾರೆ. ರುಚಿಗಾರರ ರೂಢಿ ಅದು. ತನ್ನದೇ ಮೈಯ ವಾಸನೆ ಮೂಗನ್ನು ತೊಳೆದುಕೊಡುತ್ತದೆ. ಎರಡನೆಯದು. ಮತ್ತೆ ಮೊಣಕೈ. ಮೂರನೆಯದಕ್ಕೆ ಇಟ್ಟ ಮೂಗನ್ನು ತೆಗೆಯುವುದೇ ಇಲ್ಲ.

"ಇದೇ."

"ಸರಿಯಾಗಿ ಹೇಳಿದ್ರಿ!" ಡ್ವೈಟ್ ಚಪ್ಪಾಳೆ ತಟ್ಟುತ್ತಾನೆ.

"ಚಪ್ಪಾಳೆ ಆಮೇಲೆ ತಟ್ಟು. ನಂಗೆ ಸಿಗ್ಲಿ ಅಂತ ಇದಕ್ಕೆ ಕೊತ್ತಂಬರಿ ಬೀಜ ಕುದಿಸಿ ಸುರಿದಿದ್ದೀಯ. ಈ ಪಾಟಿ ಘಾಟಿದ್ರೆ ವಾಲಿ ಲಾರಿಗೂ ಗೊತ್ತಾಗುತ್ತೆ."

"ನನ್ನ ಲಾರಿನ ಯಾಕೆ ಎಳೀತೀಯ ಮಾರಾಯ್ತಿ?" ವಾಲಿಗೆ ನಗು ತಡೆಯಲಾಗುವುದಿಲ್ಲ. "ಬೇಡ ಅಂದೆ ಇವನಿಗೆ. ಕೇಳ್ಲಿಲ್ಲ."

ಡ್ವೈಟ್‌ನ ಕಿವಿ ಕೆಂಪಾಗುತ್ತದೆ. "ನೀವು ಈ ಕುರ್ಚೀಲಿ ಇಲ್ದಿದ್ರೆ ನಂಗೆ ಸರಿಹೋಗಲ್ಲ ಅರ್ಲೀನ್. ಅದಕ್ಕೇ..."

"ಗೊತ್ತು ಕಣೋ. ಸರಿಯಾದ್ದು ತಗೊಂಬಾ."

ತರುತ್ತಾನೆ. ಈ ಸಲ ಯಾವ ಮೋಸವೂ ಇಲ್ಲ. ಅವರು ಮೂರನ್ನೂ ಎರಡೆರಡು ಬಾರಿ ಮೂಸುತ್ತಾರೆ, ಒಂದೊಂದು ಗುಟುಕು ಕುಡಿಯುತ್ತಾರೆ. ವಾಲಿ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಳ್ಳುತ್ತಾರೆ.

"ಮೂರೂ ಒಂದೇ ಥರ ಇದೆ ನಂಗೆ," ಎನ್ನುತ್ತಾರೆ ಅರ್ಲೀನ್ ಕೊನೆಗೆ. "ತಪ್ಪು ಅಂತ ಬರ್ಕೋ."

ಅವರು ಎದ್ದು ಕುರ್ಚಿಯನ್ನು ಮೇಜಿನಡಿ ತಳ್ಳಿ ಬಾಗಿಲವರೆಗೆ ಹೋಗುತ್ತಾರೆ. ಅಲ್ಲಿ ನಿಂತು ಏನನ್ನೋ ಯೋಚಿಸಿ ಮರಳಿ ಬರುತ್ತಾರೆ. ಮೊದಲ ಸಲದ ಆ ಘಾಟು ಲೋಟವನ್ನು ಎತ್ತಿ ಇನ್ನೊಮ್ಮೆ ಮೂಸುತ್ತಾರೆ.

"ಡ್ವೈಟ್, ಇದು ನಂಗೆ ಬಂತಲ್ವಾ? ಹೋದ ತಿಂಗಳಾಗಿದ್ರೆ ಇದೂ ಬರ್ತಿರ್ಲಿಲ್ಲ."

"ಹೌದಲ್ಲ!"

"ಹಾಗಾದ್ರೆ ಮುಂದಿನ ವಾರಾನೂ ಸುರಿ. ಇವತ್ತಿಗಿಂತ ಒಂಚೂರು ಕಮ್ಮಿ. ಅದರ ಮುಂದಿನ ವಾರ ಇನ್ನೂ ಕಮ್ಮಿ. ಅಲ್ಲೀವರೆಗೂ 'ಹ್ಞೂಂ' ಅನ್ನೋದು ವಾಲಿ ಕೆಲ್ಸ."

"ನಾನು ಎಲ್ಲದಕ್ಕೂ ಹ್ಞೂಂ ಅಂತೀನಿ," ವಾಲಿ ಎಚ್ಚರಿಸುತ್ತಾರೆ.

"ಅದಕ್ಕೇ ನಾನು ಬೇಗ ವಾಪಸ್ ಬರ್ಬೇಕು."

ಮತ್ತೆ ಬೂಟು, ಬಿಸಿನೀರು, ಪೀಪಾಯಿ. ನೋಡಲು ಬಂದ ನಾನು ಏನಾಸೆ ಎಂದು ಕೇಳಿದರೆ ಕೆಲಸ ನಿಲ್ಲಿಸದೆಯೇ ಉತ್ತರಿಸುತ್ತಾರೆ. ಸೆಪ್ಟೆಂಬರಿನ ಸುಗ್ಗಿ ಹಬ್ಬಕ್ಕೆ ಊರಿಗೆ ಊರೇ ಈ ಬಿಯರ್ ಕುಡಿಯುತ್ತದೆ. ಅಷ್ಟರೊಳಗೆ ಡ್ವೈಟ್ ಏನನ್ನೂ ಸುರಿಯದೆಯೂ ಬೇರೆಯ ಲೋಟ ಯಾವುದೆಂದು ತಮ್ಮ ಮೂಗಿಗೆ ಸಿಗಬೇಕಂತೆ.

"ಸಿಗ್ದಿದ್ರೆ?"

ತೋಳು ಮಡಚಿ ಮೊಣಕೈಗೆ ಮೂಗಿಡುತ್ತಾರೆ. ಮುಖದಲ್ಲಿ ನಿಧಾನವಾಗಿ ನಗು ಹರಡುತ್ತದೆ.

"ಸೋಪು, ಯೀಸ್ಟು, ಬೆವರು. ನನ್ನ ವಾಸನೆ ನಂಗೆ ಬರ್ತಿದೆ ಕಣ್ರೀ. ಮಿಕ್ಕಿದ್ದೂ ಬರುತ್ತೆ."