ಶಾರವ್ವನ ಅಂಗಡಿ ಗುಜರಿಯಾಗಿರಲಿಲ್ಲ

ಮೊದಲು ನನ್ನ ಅಕ್ಷರಗಳಿಗಾಗಿ ಕ್ಷಮೆ ಕೇಳುತ್ತೇನೆ. ಗೆರೆ ಹಾಕಿದ ಹಾಳೆಯ ಮೇಲೂ ಅವು ನೆಟ್ಟಗೆ ನಿಲ್ಲುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಶಬ್ದ ಎಲ್ಲಾದರೂ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಎದುರಿಗೆ ನಿಂತು ಮಾತಾಡಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಇಳಕಲ್ಲಿನ ಹಳೇ ಪುಸ್ತಕದ ಅಂಗಡಿಯ ಬಣ್ಣದ ಫೋಟೊ ಬಂದಿತ್ತು. ‘ಗುಜರಿಯಂತಿದ್ದ ಅಂಗಡಿಗೆ ಉಪನ್ಯಾಸಕರಿಂದ ಹೊಸ ಜೀವ’ ಎಂದು ಮೇಲೆ ಬರೆದಿದ್ದಿರಿ. ಅಂಗಡಿಯ ಒಡತಿಯ ಬಗ್ಗೆ ಇದ್ದದ್ದು ‘ಅಂಧ ವೃದ್ಧೆ’ ಎಂಬ ಮಾತು ಮಾತ್ರ. ಹೆಸರೂ ಹಾಕಿರಲಿಲ್ಲ. ಆಕೆಯ ಹೆಸರು ಶಾರವ್ವ. ಆ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ, ಆಕೆಯನ್ನು ಆಯಿ ಎಂದು ಕರೆಯುತ್ತೇನೆ. ನೀವು ಬರೆಯದೆ ಬಿಟ್ಟದ್ದನ್ನು ನಾನು ಬರೆಯಬೇಕಾಗಿದೆ.

ಆಯಿ ಮೊದಲು ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಗಂಡ ತಳ್ಳುಗಾಡಿಯಲ್ಲಿ ಓಣಿ ಓಣಿ ತಿರುಗಿ ರದ್ದಿ ಕೊಳ್ಳುತ್ತಿದ್ದ. ರದ್ದಿಯೊಳಗೆ ಬಂದ ಶಾಲೆಯ ಪುಸ್ತಕಗಳನ್ನು ತೂಕಕ್ಕೆ ಹಾಕಲು ಆಯಿ ಬಿಡುತ್ತಿರಲಿಲ್ಲ. ಅವನು ಬಯ್ಯುತ್ತಿದ್ದನಂತೆ, ಆಕೆ ಮಂಚದ ಕೆಳಗೆ ಮುಚ್ಚಿಡುತ್ತಿದ್ದಳಂತೆ. ಅವನು ತೀರಿಕೊಂಡ ಮೇಲೆ ಆ ಮಂಚದ ಕೆಳಗಿನ ಪುಸ್ತಕಗಳಿಂದಲೇ ಬಸ್ ನಿಲ್ದಾಣದ ಹಿಂದೆ ಅಂಗಡಿ ಹಾಕಿದಳು. ಹುನಗುಂದ, ಅಮೀನಗಡದ ಕಡೆಯಿಂದ ಕಾಲೇಜಿಗೆ ಬರುವ ಹುಡುಗಿಯರು ಪುಸ್ತಕಕ್ಕೆ ಇಲ್ಲಿಗೇ ಬರುತ್ತಾರೆ.

ಸಕ್ಕರೆ ಕಾಯಿಲೆ ಆಕೆಯ ಕಣ್ಣನ್ನು ನಿಧಾನವಾಗಿ ತಿಂದಿತು. ಈಗ ಮನುಷ್ಯರ ಆಕಾರ ಕಾಣುತ್ತದೆ, ಅಕ್ಷರ ಮತ್ತು ಬಣ್ಣ ಕಾಣುವುದಿಲ್ಲ. ಆದರೂ ಆಕೆ ಅಂಗಡಿ ಮುಚ್ಚಲಿಲ್ಲ. ಮಗ್ಗದ ಮನೆಗಳಿಂದ ತುಂಡು ನೂಲು ತರಿಸಿ ಪ್ರತಿ ಪುಸ್ತಕದ ಬೆನ್ನಿಗೂ ಕಟ್ಟಿದಳು. ಶಾಲೆಯ ಪುಸ್ತಕಕ್ಕೆ ಹತ್ತಿ ನೂಲು, ಕಾಲೇಜಿನದಕ್ಕೆ ರೇಷ್ಮೆ. ಯಾವ ವಿಷಯಕ್ಕೆ ಎಷ್ಟು ಗಂಟು ಎಂದು ಗೊತ್ತು ಮಾಡಿಕೊಂಡಳು. ಕತೆ ಕಾದಂಬರಿಗಳಿಗೆ ಮಾತ್ರ ಜರಿ ಎಳೆ. ಯಾಕೆ ಎಂದು ಕೇಳಿದ್ದಕ್ಕೆ, “ಕತಿ ಓದಾವ್ರು ಸ್ವಲ್ಪ ಶೋಕಿ ಮಂದಿ ಇರ್ತಾರ,” ಎಂದಿದ್ದಳು. ಪುಸ್ತಕ ಬಂದಾಗ ನಾನು ಹೆಸರು ಓದುತ್ತಿದ್ದೆ, ಆಕೆ ಗಂಟು ಹಾಕುತ್ತಿದ್ದಳು. ಗಿರಾಕಿ ಕೇಳಿದರೆ ನಾನು ಸ್ಟೂಲಿನಿಂದ ಇಳಿಯುವುದರೊಳಗೆ ಆಯಿಯ ಕೈಯಲ್ಲಿ ಪುಸ್ತಕ ಇರುತ್ತಿತ್ತು. ನೀವು ಗುಜರಿ ಎಂದದ್ದು ಇದಕ್ಕೆ.

ಇನ್ನು ಆ ಉಪನ್ಯಾಸಕರು. ಆಯಿಯ ಅಣ್ಣನ ಮಗ ಪ್ರೇಮಕುಮಾರ ಬಾಗಲಕೋಟೆಯಲ್ಲಿ ಕಾಲೇಜಿನಲ್ಲಿ ಕಲಿಸುತ್ತಾರೆ. ಕಣ್ಣಿನ ಚಿಕಿತ್ಸೆಗೆ ಆಯಿಯನ್ನು ಅಲ್ಲಿಗೆ ಕರೆದೊಯ್ದು ದವಾಖಾನೆಯಲ್ಲಿ ನೋಡಿಕೊಂಡವರು ಅವರೇ, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಆಕೆ ಅಲ್ಲಿ ಮಲಗಿದ್ದಾಗ ಕೀಲಿ ತೆಗೆದುಕೊಂಡು, ತಮ್ಮ ವಿದ್ಯಾರ್ಥಿಗಳ ಜೊತೆ ಇಳಕಲ್ಲಿಗೆ ಬಂದರು. ಪುಸ್ತಕಗಳನ್ನೆಲ್ಲ ನೆಲಕ್ಕೆ ಹರಡಿ ಬಣ್ಣ ನೋಡಿ ಬೇರೆ ಮಾಡಿದರು. ಕೆಂಪೆಲ್ಲ ಒಂದು ಹಲಗೆಗೆ, ಹಳದಿಯೆಲ್ಲ ಒಂದು ಹಲಗೆಗೆ. ನೂಲುಗಳನ್ನು ಕತ್ತರಿಯಿಂದ ಕತ್ತರಿಸತೊಡಗಿದರು.

“ಸರ್, ಅದು ಆಯಿ ಕಟ್ಟಿದ್ದರಿ. ಆಕಿನ್ನ ಕೇಳಿ ಮಾಡ್ರಿ,” ಎಂದೆ.

“ಕಸ ತೆಗಿಯಾಕ ಏನ್ ಕೇಳೂದು, ರೋಹಿಣಿ? ಅತ್ತಿ ಬಂದು ನೋಡಿ ಖುಷಿ ಆಗ್ತಾಳ ತಗೋ.”

“ಆಕಿಗೆ ಬಣ್ಣ ಕಾಣೂದಿಲ್ರಿ.”

“ಬಂದ ಮಂದಿಗೆ ಕಾಣ್ತಾವಲ್ಲ,” ಎಂದರು. ವಿದ್ಯಾರ್ಥಿಗಳು ನಕ್ಕರು. ಆಮೇಲೆ ವಿಡಿಯೊ ಮಾಡಿ ಮೊಬೈಲಿನಲ್ಲಿ ಹಾಕಿದರು.

ಮರುದಿನದಿಂದ ಜನ ಫೋಟೊ ತೆಗೆಸಿಕೊಳ್ಳಲು ಬರತೊಡಗಿದರು. ಹಳದಿ ಹಲಗೆಯ ಮುಂದೆ ಹಳದಿ ಚೂಡಿದಾರದವಳು ನಿಂತಳು, ನೀಲಿ ಹಲಗೆಯ ಮುಂದೆ ನೀಲಿ ಅಂಗಿಯವನು. ಒಬ್ಬನು ಕಾದಂಬರಿಯೊಂದನ್ನು ತಲೆಕೆಳಗಾಗಿ ಹಿಡಿದು ಓದುವಂತೆ ನಿಂತಿದ್ದ. ಯಾರೂ ಪುಸ್ತಕದ ಹೆಸರು ಕೇಳಲಿಲ್ಲ.

ಆಯಿ ವಾಪಸು ಬಂದ ದಿನ ಪ್ರೇಮಕುಮಾರ ಸರ್ ಜೊತೆಗಿದ್ದರು. ದಾರಿಯಲ್ಲಿ ಅಮೀನಗಡದಲ್ಲಿ ಬಸ್ ನಿಂತಾಗ ಕರದಂಟಿನ ಡಬ್ಬಿ ತಂದಿದ್ದರು.

“ಸಕ್ರಿ ಇದ್ದಾಕಿಗೆ ಕರದಂಟು ತರ್ತಾನ, ನೋಡು ಇವನ ಶಾಣ್ಯಾತನ,” ಎಂದು ಆಯಿ ನಗುತ್ತಲೇ ಒಳಗೆ ಬಂದಳು.

“ಇದು ಬೆಲ್ಲದ್ದು ಅತ್ತಿ, ಸಕ್ರೀದಲ್ಲ,” ಎಂದರು ಸರ್.

ಅಷ್ಟರಲ್ಲಿ ಇಂದ್ರವ್ವ ಬಂದಳು. ನಮ್ಮ ಓಣಿಯಲ್ಲಿ ಸೀರೆ ನೇಯುವವಳು. ಮಗಳಿಗೆ ಪಿಯುಸಿ ಎರಡನೇ ವರ್ಷದ ಲೆಕ್ಕಶಾಸ್ತ್ರದ ಪುಸ್ತಕ ಬೇಕಿತ್ತು, ಪರೀಕ್ಷೆ ಹತ್ತಿರ ಬಂದಿತ್ತು. ಆಯಿ ಎಂದಿನಂತೆ ಎದ್ದು ಬಲಗಡೆಯ ಹಲಗೆಗೆ ಕೈ ಹಾಕಿದಳು. ಬೆರಳುಗಳು ಪುಸ್ತಕಗಳ ಬೆನ್ನ ಮೇಲೆ ಹೋದವು, ಮತ್ತೆ ಹಿಂದೆ ಬಂದವು. ಕೆಳಗಿನ ಹಲಗೆ ಮುಟ್ಟಿದಳು. ಒಂದು ಪುಸ್ತಕ ಎಳೆದು, ಬೆನ್ನು ಸವರಿ, ಅಲ್ಲೇ ಇಟ್ಟಳು.

“ರೋಹಿಣಿ, ನೂಲ ಎಲ್ಲಿ?”

ನಾನು ಹೇಳಿದೆ. ಆಮೇಲೆ ನಾನೂ ಹುಡುಕಿದೆ. ಆ ತೆಳು ಪುಸ್ತಕಗಳ ಬೆನ್ನ ಮೇಲೆ ಹೆಸರೇ ಇರುವುದಿಲ್ಲ, ರಟ್ಟು ಯಾವ ಬಣ್ಣದ್ದು ಎಂದು ಯಾರಿಗೆ ನೆನಪಿರುತ್ತದೆ? ಇಂದ್ರವ್ವ ಬಾಗಿಲಲ್ಲಿ ಕಾದು ಕಾದು, “ಆತು ಬಿಡವ್ವಾ, ಮಗ್ಗ ನಿಂದ್ರಿಸಿ ಬಂದೇನಿ,” ಎಂದು ಬರಿಗೈಯಲ್ಲಿ ಹೋದಳು. ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಬೇಕೋ ತಿಳಿಯದು. ಆಯಿಯ ಅಂಗಡಿಯಿಂದ ಪುಸ್ತಕ ಇದ್ದೂ ಒಬ್ಬರು ಹಾಗೆ ಹೋದದ್ದನ್ನು ನಾನು ನೋಡಿರಲಿಲ್ಲ.

“ಅತ್ತಿ, ಲಕ್ಷ ಮಂದಿ ನೋಡ್ಯಾರ ನಿನ್ನ ಅಂಗಡಿ,” ಎಂದರು ಸರ್.

“ಅವರಾಗ ಯಾರಿಗರೆ ಇಂದ್ರವ್ವನ ಮಗಳ ಪುಸ್ತಕ ಕಂಡೈತೇನು, ಕೇಳು.”

“ನೀ ಇನ್ನ ಯಾಕ ಒದ್ದಾಡ್ತಿ? ಬಾಗಲದಾಗ ಕುರ್ಚಿ ಹಾಕಸ್ತೇನಿ, ಆರಾಮ ಕುಂದ್ರು. ಮಂದಿ ನಿನ್ನ ಕೂಡ ಫೋಟೊ ತಕ್ಕೋತಾರ. ಒಳಗ ನಾ ಕಾಫಿ ಮಶೀನ್ ಇಡಸ್ತೇನಿ. ಪುಸ್ತಕ ಕೊಡಾಕ ಈ ಹುಡಿಗಿ ಅದಾಳ.”

“ನಾ ಏನ್ ಗೊಂಬಿ ಏನೋ, ಬಾಗಲದಾಗ ಕುಂದ್ರಾಕ?”

“ಹಂಗಲ್ಲತ್ತಿ. ಕಣ್ಣ ಕಾಣಲಾರದಾಕಿ ಅಂಗಡಿ ನಡಸೂದು ಹೆಂಗ, ನೀನ ಹೇಳು.”

“ಹೋದ ತಿಂಗಳ ತನಾ ನಡಸೇನಿ. ಈಗ ನಡಸಾಕ ಆಗಲಾರದಂಗ ಮಾಡಿದಾಂವ ನೀ, ಪ್ರೇಮ್ಯಾ. ಕಣ್ಣಲ್ಲ.” ಆಯಿ ಕೈ ಚಾಚಿದಳು. “ಕೀಲಿ ಕೊಡು.”

ಸರ್ ನನ್ನ ಮುಖ ನೋಡಿದರು. ನಾನು ಆಯಿಯ ಪಕ್ಕಕ್ಕೆ ಹೋಗಿ ನಿಂತೆ. ಕೀಲಿಯನ್ನು ಆಯಿಯ ಕೈಯಲ್ಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನಿಮ್ಮ ಪತ್ರಿಕೆ ಬಂದದ್ದು ಅದರ ಮರುದಿನ. ಅದನ್ನು ಓದು ಎಂದು ಆಯಿ ಹೇಳಿದಳು. ಓದಿದೆ. ‘ಗುಜರಿ’ ಎಂಬಲ್ಲಿ ಆಕೆ ಮುಂದೆ ಓದು ಎಂದಳು. ‘ಅಂಧ ವೃದ್ಧೆ’ ಎಂಬಲ್ಲಿ ಮಾತ್ರ, “ಯಾರವ್ವಾ ಆಕಿ?” ಎಂದಳು.

ಬರೆದವರು ಅಂಗಡಿಯ ಒಳಗೆ ಕಾಲಿಟ್ಟಿದ್ದರೆ, ಆಕೆಯನ್ನು ಒಂದು ಮಾತು ಕೇಳಿದ್ದರೆ, ಇದನ್ನೆಲ್ಲ ನಾನು ಬರೆಯಬೇಕಾಗಿರಲಿಲ್ಲ. ಓದಿದವರು ನೀವು, ಕೇಳಬೇಕೆಂದು ನಿಮಗೆ ತೋಚಲಿಲ್ಲವೇ? ನೀವು ಹೊಸ ಜೀವ ಎಂದದ್ದು ಆಕೆಯ ಕೈಯಿಂದ ಅಂಗಡಿಯನ್ನು ಕಿತ್ತುಕೊಂಡ ಕೆಲಸ. ಇದನ್ನು ಅಚ್ಚು ಹಾಕುವುದಾದರೆ ಶಾರವ್ವ ಎಂಬ ಹೆಸರನ್ನು ಹಾಕಿ, ನನ್ನದು ಬೇಡ.

ನಾಳೆ ಅಂಗಡಿ ತೆರೆಯುವುದಿಲ್ಲ. ಬಾಗಿಲು ಹಾಕಿಕೊಂಡು ಹಲಗೆಗಳ ಮೇಲಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಒಂದೊಂದರ ಹೆಸರನ್ನೂ ಆಯಿಗೆ ಓದಿ ಹೇಳುತ್ತೇನೆ, ಆಕೆ ಮತ್ತೆ ನೂಲು ಕಟ್ಟುತ್ತಾಳೆ. ಲೆಕ್ಕಶಾಸ್ತ್ರದ ಪುಸ್ತಕ ಸಿಕ್ಕ ಕೂಡಲೇ ಅದನ್ನು ಇಂದ್ರವ್ವನ ಮನೆಗೆ ಕೊಟ್ಟು ಬರುತ್ತೇನೆ.