ಹೆಬ್ಬೆಟ್ಟಿಗೆ ಮೊದಲು

ಸ್ಟ್ಯಾಂಪ್ ಪ್ಯಾಡಿನ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗೆ ನೆನಪಾಗುವುದು ಒಬ್ಬಳ ಬಲಗೈ. ಮೊನ್ನೆ ಚಿಕ್ಕೋಡಿಯ ಕಚೇರಿಯೊಂದರಲ್ಲಿ ಗುಮಾಸ್ತನೊಬ್ಬ ಮುದುಕಿಯ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತುತ್ತಿದ್ದ. ಪಾಳಿಯಲ್ಲಿ ನಿಂತಿದ್ದ ನನ್ನ ಕಣ್ಣಮುಂದೆ ಶಾಂತಕ್ಕ ಬಂದಳು.

ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರ ಹಕ್ಕಿಗಾಗಿ ಬದುಕಿಡೀ ಬಡಿದಾಡಿದವಳು ಆಕೆ. ಅಕ್ಷರ ಬಾರದು. ಬೀಡಿಯ ಬಾಯಿ ಮಡಚಲು ಸಣ್ಣ ಬೆರಳೇ ಬೇಕೆಂದು ಆರನೇ ವಯಸ್ಸಿಗೇ ತಂಬಾಕಿನ ಮೊರದ ಮುಂದೆ ಕೂರಿಸಿದ್ದರಂತೆ. “ಸಾಲಿ ಮುಂದ ಹಾದೀನಿ, ಒಳಗ ಹೋಗಿಲ್ಲ,” ಎನ್ನುತ್ತಿದ್ದಳು. ಅದಕ್ಕೇ ಓಣಿಯ ಹುಡುಗಿಯರನ್ನು ಮೊರ ಬಿಡಿಸಿ ಶಾಲೆಗೆ ದಬ್ಬುತ್ತಿದ್ದಳು. ಓದಿದರೆ ನೌಕರಿ ಸಿಗುತ್ತದೆಂದು, ಅದೇ ಓಣಿಯಲ್ಲಿದ್ದ ಪದವೀಧರ ನಾನು, ಭಾಷಣ ಬಿಗಿದರೆ ನಗುತ್ತಿದ್ದಳು.

“ಬಿ.ಎ. ಸಾಹೇಬ್ರ, ನೌಕರಿ ಆಮ್ಯಾಲ. ಹೆಬ್ಬಟ್ಟ ಒತ್ತೂ ಮದಲ ಕಾಗದದಾಗ ಏನ ಐತಿ ತಿಳೀಬೇಕ್ರಿ. ಸಾಲಿ ಇರೂದ ಅದಕ್ಕ.”

ಒಂದು ದಿನ ಬೀಡಿ ಗುತ್ತಿಗೆದಾರನ ಮೇಲ್ವಿಚಾರಕ ಮುಕಾದಮ, ಪಾಸ್‌ಬುಕ್ಕಿಗೆಂದು ಹೇಳಿ, ಹೆಂಗಸರಿಂದ ಹೆಬ್ಬೆಟ್ಟು ಒತ್ತಿಸಲು ಶಾಂತಕ್ಕನ ಕೈಗೆ ಕಾಗದ ಕೊಟ್ಟುಹೋದ. ನಾನು ಓದಿ ನೋಡಿದರೆ, ‘ನಮ್ಮ ಮಕ್ಕಳು ಬೀಡಿ ಕೆಲಸ ಮಾಡುವುದಿಲ್ಲ, ಎಲ್ಲರೂ ಶಾಲೆಗೆ ಹೋಗುತ್ತಾರೆ’ ಎಂದಿತ್ತು. ಸಾಲದ್ದಕ್ಕೆ, ಮಕ್ಕಳು ಸಿಕ್ಕಿಬಿದ್ದರೆ ತಪ್ಪು ತಾಯಂದಿರದೇ ಎಂದೂ ಇತ್ತು. ಶಾಂತಕ್ಕ ಮೂರು ಸಲ ಓದಿಸಿ ಬಾಯಿಪಾಠ ಮಾಡಿಕೊಂಡು ಮನೆಮನೆಗೆ ಹೇಳಿಬಂದಳು. ಒಬ್ಬಳೂ ಹೆಬ್ಬೆಟ್ಟು ಒತ್ತಲಿಲ್ಲ.

ಮರುದಿನ ಮಧ್ಯಾಹ್ನ ಮುಕಾದಮ ಶಾಂತಕ್ಕನ ಬಾಗಿಲಿಗೆ ನಾಲ್ವರನ್ನು ಕರೆತಂದ. ಕೈಯಲ್ಲಿ ಬಡಿಗೆ. ಅವಳ ಮನೆಯೊಳಗಿದ್ದ ನಾನು ತಂಬಾಕಿನ ಚೀಲಗಳ ಹಿಂದೆ ಕುಕ್ಕರಿಸಿದೆ.

“ಆ ಕಾಗದ ಓದಿದಾಂವ ಯಾರು?”

“ನಾನ ಓದೀನಿ,” ಎಂದಳು ಶಾಂತಕ್ಕ.

“ಹೌದೇನ ಬೇ? ತಗೋ, ಮತ್ತೊಮ್ಮಿ ಓದ.”

ಅವನು ಕೊಟ್ಟ ಹಾಳೆ ಹಿಡಿದು, ಒಂದು ಪದ ಬಿಡದೆ ಒಪ್ಪಿಸಿದಳು. ಮುಕಾದಮ ನಕ್ಕ. “ಏ, ಇದು ನಮ್ಮ ಟ್ರ್ಯಾಕ್ಟರ್ ಕಾಗದ ಐತಿ.”

ಆಮೇಲೆ ಬಡಿಗೆ ಅವಳ ಬಲಗೈ ಮೇಲೆ ಬಿತ್ತು. ಮೂರು ಬೆರಳು ಮುರಿದವು. ನನ್ನ ಹೆಸರು ಮಾತ್ರ ಅವಳ ಬಾಯಿಂದ ಬರಲಿಲ್ಲ. ಅಂಥ ಕಾಗದ ಓದಬಲ್ಲವನು ಓಣಿಯಲ್ಲಿ ನಾನೊಬ್ಬನೇ. ಸೀನು ಬಾರದಿರಲೆಂದು ಮೂಗು ಹಿಡಿದು ಕೂತಿದ್ದೆ. ಎಂಥ ಪದವೀಧರ! ಮುಕಾದಮನ ಆ ನಗುವಿನ ಮೇಲೂ ನನ್ನದೇ ಆ ಮೂಗಿನ ಮೇಲೂ ನನ್ನ ಸಿಟ್ಟು ಇನ್ನೂ ಆರಿಲ್ಲ.

“ಮದಲ ಓದಿ ಹೇಳ್ರಿ ಆಕಿಗೆ,” ಎಂದೆ ಚಿಕ್ಕೋಡಿಯ ಗುಮಾಸ್ತನಿಗೆ, ಪಾಳಿ ಬಿಟ್ಟು ಮುಂದೆ ಬಂದು.

“ನೀವ್ಯಾರ್ರಿ ನಡುವ? ಪಾಳಿಗೆ ನಿಲ್ರಿ.”

ಕಾಗದ ಕಿತ್ತುಕೊಂಡೆ. ಪಾಳಿಗೆಲ್ಲ ಕೇಳುವಂತೆ ಓದತೊಡಗಿದೆ. ‘ನನ್ನ ಪಾಲಿನ ಹೊಲವನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ’ ಎಂಬಲ್ಲಿಗೆ ಬಂದಾಗ ಮುದುಕಿ ಗುಮಾಸ್ತನ ಹಿಡಿತದಿಂದ ಹೆಬ್ಬೆರಳು ಎಳೆದುಕೊಂಡು, ಸೆರಗಿಗೆ ಒರೆಸಿದಳು.

“ಇನ್ನೊಮ್ಮಿ ಓದೋ ಯಪ್ಪಾ,” ಎಂದಳು.